ಕಲ್ಲೇಶಪ್ಪನ ಶ್ವಾನವಿಹಾರ

ದಾವಣಗೆರೆಯ ಸರಸ್ವತಿ ನಗರದ ಕಲ್ಲೇಶಪ್ಪನಿಗೆ ಸಕ್ಕರೆ ಕಾಯಿಲೆ ಬಂದದ್ದು ದೊಡ್ಡ ಸಂಗತಿಯೇನಲ್ಲ. ಅವನ ತಲೆ ಕೆಡಿಸಿದ್ದು ಡಾಕ್ಟರು ಹೇಳಿದ ಮಾತು. ‘ದಿನಾ ಬೆಳಿಗ್ಗೆ ಒಂದು ತಾಸು ನಡೀರಿ’ ಎಂದರು. ‘ಎಲ್ಲಿಗ್ರಿ?’ ಎಂದು ಇವನು ಕೇಳಿದ. ‘ಎಲ್ಲಿಗೂ ಅಲ್ರಿ, ಸುಮ್ನೆ ನಡೀರಿ’ ಎಂದರು. ಸಹಕಾರ ಸಂಘದಲ್ಲಿ ಗುಮಾಸ್ತನಾಗಿ ಇಷ್ಟು ವರ್ಷ ಕೂತದ್ದಕ್ಕೇ ಸಂಬಳ ಪಡೆಯುತ್ತ ಬಂದಿದ್ದ ಮನುಷ್ಯನಿಗೆ, ನಡೆಯುವುದನ್ನು ಪುಕ್ಕಟೆ ಮಾಡಬೇಕೆನ್ನುವುದು ನ್ಯಾಯವಾಗಿ ಕಾಣಲಿಲ್ಲ.

ಆದರೂ ನಡೆದ. ಅಂಗಿಯ ಜೇಬಿನಲ್ಲಿ ಒಂದು ಹಿಡಿ ಖಾರ ಮಂಡಕ್ಕಿ ಹಾಕಿಕೊಂಡು (ಇದು ಡಾಕ್ಟರಿಗೂ ಗೊತ್ತಿಲ್ಲ, ಹೆಂಡತಿಗೂ ಗೊತ್ತಿಲ್ಲ) ನಿಜಲಿಂಗಪ್ಪ ಬಡಾವಣೆಯ ಕಡೆ ಹೊರಟ. ಅಲ್ಲಿ ಅಕ್ಕಿ ಮಂಡಿಯ ಸಾಹುಕಾರ ಕರಿಬಸವರಾಜಪ್ಪನವರನ್ನು ಅವರ ಆಲ್ಸೇಶಿಯನ್ ನಾಯಿ ಬೀದಿಯುದ್ದಕ್ಕೂ ಎಳೆದುಕೊಂಡು ಹೊರಟಿತ್ತು. ಸಾಹುಕಾರರ ಒಂದು ಚಪ್ಪಲಿ ಹಿಂದಿನ ತಿರುವಿನಲ್ಲೇ ಉಳಿದಿತ್ತು.

“ಹಿಡೀರಿ ಮಾರಾಯ್ರ, ಹಿಡೀರಿ!” ಎಂದು ಅವರು ಕೂಗಿದರು.

ಕಲ್ಲೇಶಪ್ಪ ನಾಯಿಯನ್ನು ಹಿಡಿಯಲಿಲ್ಲ, ನಾಯಿಯೇ ಅವನನ್ನು ಹಿಡಿಯಿತು. ಎರಡು ಕಾಲು ಅವನ ಎದೆಯ ಮೇಲಿಟ್ಟು ಜೇಬಿಗೆ ಮೂತಿ ತೂರಿಸಿ ಮಂಡಕ್ಕಿಯನ್ನೆಲ್ಲ ಮುಗಿಸಿ, ಬಳಿಕ ಪರಮಶಾಂತಿಯಿಂದ ಅವನ ಪಾದದ ಬಳಿ ಕೂತಿತು. ಸಾಹುಕಾರರು ಏದುಸಿರು ಬಿಡುತ್ತಾ ಬಂದು ನೋಡಿದರು. “ನನ್ನ ಮೊಣಕಾಲು ಹೋಗ್ಯಾವ್ರಿ. ಈ ಸೀಸರನ್ನ ಯಾರಾದ್ರೂ ದಿನಾ ಅಡ್ಡಾಡಿಸ್ಕೊಂಡು ಬಂದ್ರೆ ಕೈ ತುಂಬಾ ಕೊಡ್ತೀನಿ” ಎಂದರು.

ಆ ಮಾತು ಕಲ್ಲೇಶಪ್ಪನ ಕಿವಿಗೆ ಬಿದ್ದದ್ದು ಸೋಮವಾರ. ಅವನು ರಾಜೀನಾಮೆ ಕೊಟ್ಟದ್ದು ಅದೇ ವಾರ. ಹೆಂಡತಿ ಕಸ್ತೂರಮ್ಮನಿಗೆ ಹೇಳಿದ್ದು ಅದಾದ ಮೇಲೆ, ಅದೂ ಅವಳು ರೊಟ್ಟಿ ಬಡಿಯುತ್ತಿದ್ದಾಗ. ಕೈ ಕೆಲಸದಲ್ಲಿದ್ದರೆ ಸಿಟ್ಟು ಅರ್ಧ ಹಿಟ್ಟಿಗೇ ಹೋಗುತ್ತದೆಂದು ಅವನ ಲೆಕ್ಕಾಚಾರ.

“ಕುಂತು ಉಣ್ಣೋ ನೌಕರಿ ಬಿಟ್ಟು ನಾಯಿ ಕಾಯ್ತೀರಾ?”

“ಕಾಯೋದಲ್ಲ ಕಸ್ತೂರಿ, ಅಡ್ಡಾಡ್ಸೋದು. ಬೊಂಬಾಯಾಗೆ ಇದು ದೊಡ್ಡ ಬಿಜಿನೆಸ್ ಐತಂತೆ.”

“ಬೊಂಬಾಯಾಗೆ ಸಮುದ್ರನೂ ಐತೆ. ನಾಳೆ ಹಡಗು ತರ್ತೀರೇನು?”

ರೊಟ್ಟಿ ಬಡಿಯುವ ಸದ್ದು ಪಕ್ಕದ ಬೀದಿಗೂ ಕೇಳುವಂತಾಯಿತು. ಕಲ್ಲೇಶಪ್ಪನ ಲೆಕ್ಕಾಚಾರ ತಪ್ಪಿತ್ತು. ಅಂದು ರಾತ್ರಿ ಅವನಿಗೆ ಸಿಕ್ಕ ರೊಟ್ಟಿಗಳು ಕಾಗದದಷ್ಟು ತೆಳ್ಳಗಿದ್ದವು.

ಅವನೇನೂ ಹಿಂಜರಿಯಲಿಲ್ಲ. ಮನೆಯ ಗೇಟಿಗೆ ‘ಶ್ರೀ ಗುರು ಶ್ವಾನವಿಹಾರ’ ಎಂದು ಬೋರ್ಡು ಬರೆಸಿ ತೂಗುಹಾಕಿದ. ಮೊದಲ ದಿನವೇ ಇಬ್ಬರು ‘ವಿಹಾರ’ವನ್ನಷ್ಟೇ ಓದಿ ಹೋಟೆಲೆಂದು ಬಂದು ಇಡ್ಲಿ ಬಿಸಿ ಇದೆಯೇ ಎಂದು ವಿಚಾರಿಸಿದರು. ಮೂರನೆಯವನು ಬೋರ್ಡನ್ನು ಪೂರ್ತಿ ಓದಿ, ಏನೂ ಕೇಳದೆ, ಸ್ವಲ್ಪ ಅವಸರದಿಂದಲೇ ಹೊರಟುಹೋದ.

ಆದರೆ ವ್ಯಾಪಾರ ಕುದುರಿತು. ನಿವೃತ್ತ ಶಾಲಾ ಮಾಸ್ತರಣಿ ಅನ್ನಪೂರ್ಣಮ್ಮನವರು ತಮ್ಮ ಬಿಳಿ ಪಾಮೆರೇನಿಯನ್ ‘ಪಿಂಕಿ’ಯನ್ನು ಒಪ್ಪಿಸಿದರು. ಕಲ್ಲೇಶಪ್ಪನ ಕೀರ್ತಿ ರೈಲು ಹತ್ತಿ ಹರಿಹರಕ್ಕೂ ಹೋಯಿತು. ಅಲ್ಲಿನ ಒಬ್ಬ ನಿವೃತ್ತ ಫೋರ್‌ಮನ್ನರು ‘ಮೇಜರ್’ ಎಂಬ ತಮ್ಮ ಡಾಬರ್‌ಮನ್‌ಗಾಗಿ ಹೇಳಿಕಳಿಸಿದರು. ಬೆಳಿಗ್ಗೆ ದಾವಣಗೆರೆಯ ಎರಡು ನಾಯಿ, ಆಮೇಲೆ ರೈಲಿನಲ್ಲಿ ಹರಿಹರ, ತುಂಗಭದ್ರೆಯ ದಂಡೆಯಲ್ಲಿ ಮೇಜರ್ ಜೊತೆ ವಾಯುವಿಹಾರ. ಜೇಬು ಒಂದಿದ್ದದ್ದು ಎರಡಾಯಿತು, ಎರಡರಲ್ಲೂ ಮಂಡಕ್ಕಿ.

ಕಷ್ಟ ಶುರುವಾದದ್ದು ಆ ಮಂಡಕ್ಕಿಯಿಂದಲೇ. ನಾಯಿಗಳಿಗೆ ಕಲ್ಲೇಶಪ್ಪನ ಮೇಲೆ ಅತಿಯಾದ ಭಕ್ತಿ ಹುಟ್ಟಿತು. ಒಂದು ದಿನ ಹರಿಹರದ ಸ್ಟೇಷನ್ನಿನಲ್ಲಿ ಗಾಡಿ ಹೊರಡುವಾಗ ಮೇಜರ್ ಮನೆಯಿಂದ ಸರಪಳಿ ಕಿತ್ತುಕೊಂಡು ಓಡಿಬಂದು ಬೋಗಿಯೊಳಗೆ ಜಿಗಿಯಿತು. ಎದುರಿನ ಸೀಟಿನವರೆಲ್ಲ ಮೇಲಿನ ಬರ್ತಿಗೆ ಹೋದರು. ಟಿಕೆಟ್ ತಪಾಸಣೆಯವರು ಬಾಗಿಲಲ್ಲೇ ನಿಂತು ಮಾತಾಡಿದರು.

“ಯಾರ್ದ್ರಿ ಈ ನಾಯಿ?”

“ನಂದಲ್ರಿ.”

“ನಿಮ್ಮ ತೊಡಿ ಮ್ಯಾಲೆ ತಲಿ ಇಟ್ಟು ಮಲಗೈತಲ್ರಿ!”

“ಪರಿಚಯ ಐತ್ರಿ, ಅಷ್ಟೇ.”

“ಪರಿಚಯದೋರಿಗೂ ಟಿಕೆಟ್ ಬೇಕ್ರಿ” ಎಂದು ಅವರು ದಂಡದ ರಸೀದಿ ಹರಿದರು. ಕೊಡಲು ಹತ್ತಿರ ಬರಲಿಲ್ಲ, ಗಾಳಿಗೆ ಬಿಟ್ಟರು.

ಕಲ್ಲೇಶಪ್ಪ ಮರುದಿನ ಮೇಜರನ್ನು ಬಾಡಿಗೆ ಟೆಂಪೋದಲ್ಲಿ ಹರಿಹರಕ್ಕೆ ಮುಟ್ಟಿಸಿದ. ಮೇಜರ್ ಅದರ ಮರುದಿನ ತಾನೇ ಹೆದ್ದಾರಿ ಹಿಡಿದು ನಡೆದು ಬಂತು. ಹೀಗೆ ಎರಡು ಸಲ ಆದ ಮೇಲೆ ಫೋರ್‌ಮನ್ನರು ಫೋನು ಮಾಡಿ, “ಅದು ಇಲ್ಲಿ ಊಟ ಬಿಟ್ಟೈತ್ರಿ. ಇನ್ನು ನಿಮ್ಮ ಹತ್ರಾನೇ ಇರ್ಲಿ ಬಿಡ್ರಿ” ಎಂದರು. ಅವರ ದನಿಯಲ್ಲಿ ದುಃಖಕ್ಕಿಂತ ಬಿಡುಗಡೆಯೇ ಹೆಚ್ಚಿದ್ದಂತೆ ಇವನಿಗೆ ಕೇಳಿಸಿತು.

ಮೇಜರ್ ಸುದ್ದಿ ಉಳಿದವಕ್ಕೆ ಹೇಗೆ ತಿಳಿಯಿತೋ. ಪಿಂಕಿ ಹಾಲು ಬಿಟ್ಟು ಉಪವಾಸ ಕೂತಿತು. ಅನ್ನಪೂರ್ಣಮ್ಮನವರು ಕಣ್ಣೊರೆಸಿಕೊಳ್ಳುತ್ತಾ ಅದನ್ನೂ ಅದರ ಹಾಸಿಗೆಯನ್ನೂ ತಂದುಬಿಟ್ಟು, “ತವರುಮನಿ ಅಂತ ತಿಳ್ಕೊಂಡೈತ್ರಿ” ಎಂದರು. ಸೀಸರ್ ಸಾಹುಕಾರರ ಕಾಂಪೌಂಡು ಹಾರಿ ಬಂದದ್ದನ್ನು ಸಾಹುಕಾರರು ಕಾರಿನಲ್ಲಿ ಬಂದು ನೋಡಿದರು. ಕಾರಿನಿಂದ ಇಳಿಯಲಿಲ್ಲ. ಕಿಟಕಿಯಿಂದ ಕೈಮುಗಿದು ಹೋದರು.

ತಿಂಗಳು ಮುಗಿಯುವಷ್ಟರಲ್ಲಿ ಕಲ್ಲೇಶಪ್ಪನ ಉದ್ಯಮದಲ್ಲಿ ನಾಯಿಗಳೆಲ್ಲ ಉಳಿದವು, ಗಿರಾಕಿ ಒಬ್ಬನೂ ಉಳಿಯಲಿಲ್ಲ.

“ಈಗ ಇವುಗಳ ಹೊಟ್ಟಿಗೆ ಯಾರು ಹಾಕ್ತಾರೆ?” ಎಂದು ಕಸ್ತೂರಮ್ಮ ಕೇಳಿದಳು. ಅಂಗಳದಲ್ಲಿ ಮೂರು ನಾಯಿಗಳೂ ಕಲ್ಲೇಶಪ್ಪನೂ ಸಾಲಾಗಿ ಕೂತಿದ್ದರು. ನಾಲ್ವರ ಮುಖದಲ್ಲೂ ಒಂದೇ ಭಾವ.

“ಏನಾರ ಮಾಡಾಣ ತಡಿ.”

“ನೀವು ಮಾತ್ರ ಇನ್ನೇನೂ ಮಾಡಬ್ಯಾಡ್ರಿ, ಕೈ ಮುಗೀತೀನಿ.”

ಅಂದಿನಿಂದ ಅವನು ಏನೂ ಮಾಡಲಿಲ್ಲ. ಕಸ್ತೂರಮ್ಮ ಮಾಡಿದಳು. ಪೇಟೆಗೆ ಕಾಳು ತರಲು ಹೋದಾಗ ಧಾನ್ಯದ ದಲ್ಲಾಳಿ ಕರೀಂ ಸಾಬರು ತಮ್ಮ ಗೋದಾಮಿನಲ್ಲಿ ಮೆಕ್ಕೆಜೋಳದ ಚೀಲಗಳು ರಾತ್ರಿ ರಾತ್ರಿ ಮಾಯವಾಗುತ್ತಿವೆಯೆಂದೂ, ಇಟ್ಟ ಕಾವಲುಗಾರ ಚೀಲಗಳ ಮೇಲೇ ಗೊರಕೆ ಹೊಡೆಯುತ್ತಾನೆಂದೂ ಗೋಳು ಹೇಳಿಕೊಂಡರು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, “ನಮ್ಮನಿಯಾಗೆ ಮೂರು ಜನ ಅದಾರೆ ಸಾಬ್ರೆ. ನಿದ್ದಿ ಅನ್ನೋದು ಗೊತ್ತಿಲ್ಲ ಅವ್ರಿಗೆ” ಎಂದಳು.

ಮಾತು ಕುದುರಿತು. ಕರೀಂ ಸಾಬರು ನಾಯಿಗಳನ್ನು ನೋಡಲು ಬಂದರು. ಸೀಸರ್‌ನ ಎದೆ ನೋಡಿ “ಮಾಶಾ ಅಲ್ಲಾ” ಎಂದರು. ಮೇಜರ್‌ನ ಹಲ್ಲು ನೋಡಿ ಎರಡು ಹೆಜ್ಜೆ ಹಿಂದೆ ಸರಿದರು. ಪಿಂಕಿಯನ್ನು ನೋಡಿ, “ಇದು ಯಾಕಮ್ಮ?” ಎಂದರು.

“ಕೂಗೋದು ಇದೇ ಸಾಬ್ರೆ. ಅವೆರಡು ಬರೀ ಕಡಿಯೋಕೆ.”

ಸಾಬರು ತಲೆದೂಗಿದರು. ಕೊನೆಗೆ ಅವರ ದೃಷ್ಟಿ ಮೂಲೆಯಲ್ಲಿ ಆಸೆಯಿಂದ ನಿಂತಿದ್ದ ಕಲ್ಲೇಶಪ್ಪನ ಮೇಲೆ ಬಿತ್ತು. “ಇವ್ರು?”

“ಅವ್ರು ಜೊತೀಗೆ ಬರ್ತಾರೆ, ಬಿಟ್ಟು ಬರೋಕೆ, ಕರ್ಕೊಂಡು ಬರೋಕೆ. ಅವ್ರಿಗೆ ಬ್ಯಾರೆ ಏನೂ ಕೊಡಬ್ಯಾಡ್ರಿ” ಎಂದಳು ಕಸ್ತೂರಮ್ಮ.

ಗೋದಾಮಿನಲ್ಲಿ ಕಳುವು ನಿಂತಿತು. ಪಕ್ಕದ ಗೋದಾಮಿನವರೂ ಬಂದು ಕಸ್ತೂರಮ್ಮನನ್ನು ವಿಚಾರಿಸಿಕೊಂಡು ಹೋದರು. ಅವಳ ಮಾತಿನಲ್ಲಿ ಈಗೀಗ ‘ನಮ್ಮ ಸ್ಟಾಫು’ ಎಂಬ ಶಬ್ದ ಬರತೊಡಗಿತ್ತು. ಅದರಲ್ಲಿ ತಾನೂ ಸೇರಿದ್ದೇನೆಯೇ ಎಂದು ಕೇಳುವ ಧೈರ್ಯ ಕಲ್ಲೇಶಪ್ಪನಿಗೆ ಬರಲಿಲ್ಲ. ಅವನ ಸಕ್ಕರೆ ಮಾತ್ರ ಪೂರ್ತಿ ಇಳಿದಿತ್ತು. ಡಾಕ್ಟರು ಸಂತೋಷಪಟ್ಟು, ಏನು ಮಾಡಿದಿರಿ ಎಂದು ಕೇಳಿದ್ದಕ್ಕೆ ‘ಸುಮ್ನೆ ನಡೆದೆ ಅಷ್ಟೇರಿ’ ಎಂದ.

ಒಂದು ಬೆಳಿಗ್ಗೆ ಎಂದಿನಂತೆ ಮೂವರನ್ನೂ ಗೋದಾಮಿನಿಂದ ಕರೆತಂದು, ಕೈಕಾಲು ತೊಳೆದು, ತಟ್ಟೆ ಹಿಡಿದು ಒಲೆಯ ಮುಂದೆ ಕೂತ. ಹಂಚಿನ ಮೇಲಿಂದ ಬಿಸಿ ರೊಟ್ಟಿ ಇಳಿಯಿತು. ಇವನು ಕೈ ಚಾಚಿದ. ಕಸ್ತೂರಮ್ಮ ರೊಟ್ಟಿಯನ್ನು ಅವನ ತಲೆಯ ಮೇಲಿಂದ ದಾಟಿಸಿ ಅಂಗಳದ ಕಡೆ ಒಯ್ದಳು.

“ತಡೀರಿ ಸ್ವಲ್ಪ. ರಾತ್ರಿಯೆಲ್ಲ ದುಡಿದು ಬಂದಾವೆ. ಮೊದಲು ಅವು ಉಣ್ಲಿ.”