ಬಾಗದ ಕುರ್ಚಿ

ನಮ್ಮ ಕಡೆಯ ಜನ ಪ್ಲಾಸ್ಟಿಕ್ ಕುರ್ಚಿಯನ್ನು ಕೂತು ನೋಡಿ ಖರೀದಿಸುವುದಿಲ್ಲ, ಎರಡೂ ಅಂಗೈ ಊರಿ ಒತ್ತಿ ನೋಡುತ್ತಾರೆ. ಬಾಗಿದರೆ ಮೆತ್ತಗೈತಿ ಎಂದು ಮುಖ ತಿರುಗಿಸುತ್ತಾರೆ, ಬಾಗದಿದ್ದರೆ ಗಟ್ಟಿ ಐತಿ ಎಂದು ಹೊತ್ತೊಯ್ಯುತ್ತಾರೆ. ರಾಣೆಬೆನ್ನೂರಿನಲ್ಲಿ ಕುರ್ಚಿಯ ಸಣ್ಣ ಕಾರ್ಖಾನೆ ಇಟ್ಟುಕೊಂಡ ನಾನು ಈ ಅಂಗೈಗಳಿಗೆ ಹೆದರಿಯೇ ತಲೆ ಬೆಳ್ಳಗೆ ಮಾಡಿಕೊಂಡವನು. ಪ್ಲಾಸ್ಟಿಕ್ಕಿಗೆ ಸುಣ್ಣಕಲ್ಲಿನ ಪುಡಿ ಬೆರೆಸುವುದು ಈ ಕಸುಬಿನಲ್ಲಿ ಹೊಸದೇನಲ್ಲ. ಪುಡಿ ಹೆಚ್ಚಿದಷ್ಟೂ ಕುರ್ಚಿ ಬಿಗಿಯಾಗುತ್ತದೆ. ಸ್ವಲ್ಪ ಹೆಚ್ಚಿಸಿದೆ, ಜನ ಹೊಗಳಿದರು. ಇನ್ನಷ್ಟು ಹೆಚ್ಚಿಸಿದೆ, ಇನ್ನಷ್ಟು ಹೊಗಳಿದರು. ಹೊಗಳಿಕೆ ಬರುತ್ತಿರುವಾಗ ಸಾಕು ಅನ್ನುವಷ್ಟು ದೊಡ್ಡ ಮನುಷ್ಯ ನಾನಲ್ಲ.

ಮೊನ್ನೆ ಬ್ಯಾಡಗಿಯಿಂದ ಮಾವನವರು ಬಂದರು. ಮೆಣಸಿನಕಾಯಿ ವ್ಯಾಪಾರಿ, ದೊಡ್ಡ ಮೈಕಟ್ಟು. ಅಲ್ಲಿಯ ಅಂಗಡಿಗಳಿಗೆಲ್ಲ ಹೊಸ ಕುರ್ಚಿ ಬೇಕಾಗಿದ್ದವು; ಮಾವನವರು ಹೂಂ ಅಂದರೆ ಆ ಕೆಲಸ ನನಗೆ, ಇಲ್ಲವಾದರೆ ಹುಬ್ಬಳ್ಳಿಯ ಕಾರ್ಖಾನೆಯವರಿಗೆ. ಅದಕ್ಕಿಂತ ಹೆಚ್ಚಾಗಿ, ಮದುವೆಯಾದಾಗಿನಿಂದ ಅವರು ನನ್ನನ್ನು ಒಮ್ಮೆಯೂ ಮೆಚ್ಚಿದವರಲ್ಲ. ಕಾಯಿ ಒಣಗಿದೆಯೋ ಇಲ್ಲವೋ ಎಂದು ಕಿವಿಯ ಹತ್ತಿರ ಅಲ್ಲಾಡಿಸಿ ಬೀಜದ ಸದ್ದು ಕೇಳುವುದು ಅವರ ಅಭ್ಯಾಸ. ನಮ್ಮ ಪಡಸಾಲೆಯ ಕುರ್ಚಿಯನ್ನೂ ಬೆರಳಿನಿಂದ ಬಡಿದು ಕಿವಿಗೊಟ್ಟರು. ಖಣ್ ಎಂದಿತು. ಅಂಗೈ ಊರಿ ಒತ್ತಿದರು, ಕುರ್ಚಿ ಜಪ್ಪಯ್ಯ ಅಂದರೂ ಬಾಗಲಿಲ್ಲ.

"ಮಾಲು ಛಲೋ ಐತಿ ಅಳಿಯಂದ್ರ" ಎಂದರು. ನನ್ನ ಕಣ್ಣಲ್ಲಿ ನೀರೇ ಬಂತು.

ಆಮೇಲೆ ಕುಳಿತರು. ಕುಳಿತರು ಅನ್ನುವುದು ತಪ್ಪು. ಚೀಲ ಇಳಿಸಿದ ಹಾಗೆ ಮೈ ಇಳಿಸಿದರು. ಎಲೆಅಡಿಕೆಯ ತಟ್ಟೆ ಮಡಿಲಿಗೆ ಎಳೆದುಕೊಂಡು ಹಿಂದಿನ ಎರಡು ಕಾಲಿನ ಮೇಲೆ ವಾಲಿದ್ದೇ ತಡ, ಫಟ್ ಎಂದಿತು. ಮೆತ್ತನೆಯ ಕುರ್ಚಿ ಮುರಿಯುವ ಮುಂಚೆ ಬಾಗುತ್ತದೆ, ನರಳುತ್ತದೆ, ಕೂತವನಿಗೆ ಏಳಲು ಒಂದು ಅವಕಾಶ ಕೊಡುತ್ತದೆ. ನನ್ನದು ಆ ಮರ್ಯಾದೆಯನ್ನೂ ತೋರಿಸಲಿಲ್ಲ. ಮಾವನವರು ಅಂಗಾತ, ತಟ್ಟೆ ಅವರ ಎದೆಯ ಮೇಲೆ. ಪುಡಿ ಕುರ್ಚಿಗೆ ಬಿಗಿ ಕೊಡುತ್ತದೆ, ಪೆಟ್ಟು ತಾಳುವ ಗುಣವನ್ನು ತಿಂದುಹಾಕುತ್ತದೆ ಎಂಬುದು ಇಷ್ಟು ವರ್ಷ ಕಸುಬು ಮಾಡಿದವನ ತಲೆಗೆ ಹೋದದ್ದು ಆ ಹೊತ್ತಿನಲ್ಲಿ.

ಹೆಂಡತಿ ಓಡಿ ಬಂದು ಮೊದಲು ಅಪ್ಪನನ್ನು ನೋಡಿದಳು, ಆಮೇಲೆ ನನ್ನನ್ನು. ಆ ಎರಡನೆಯ ನೋಟ ನೆನೆದರೆ ಈಗಲೂ ಬೆವರುತ್ತೇನೆ. ಪುಣ್ಯಕ್ಕೆ ಮಾವನವರ ಸೊಂಟ ನೆಟ್ಟಗಿತ್ತು. ಎದ್ದು ಕುಳಿತು, ಮುರಿದ ಕಾಲನ್ನು ತಿರುಗಿಸಿ ನೋಡಿ, ಸಿಟ್ಟೇ ಇಲ್ಲದ ದನಿಯಲ್ಲಿ ಪಕ್ಕದ ಕುರ್ಚಿ ತೋರಿಸಿದರು. "ನೀವೂ ಕುಂದರ್ರಿ ಅಳಿಯಂದ್ರ. ನಿಂತು ಯಾಕ ಮಾತಾಡೂದು?"

ಅದೂ ನನ್ನ ಕಾರ್ಖಾನೆಯದೇ. ಊರೂರಿಗೆ ಧೈರ್ಯವಾಗಿ ಕಳಿಸಿದ ಆ ಮಾಲನ್ನು ಒಮ್ಮೆ ನೋಡಿದೆ, ಮಾವನವರನ್ನು ಒಮ್ಮೆ ನೋಡಿದೆ, ಹೋಗಿ ಅವರ ಪಕ್ಕದಲ್ಲಿ ನೆಲದ ಮೇಲೆ ಕುಳಿತುಕೊಂಡೆ. ಮಾವನವರು ಹುಬ್ಬಳ್ಳಿಗೆ ಫೋನ್ ಹಚ್ಚಿದರು.