ನಿವೃತ್ತ ಡೀಸೆಲ್ ಪೈಪಿಗೆ ಸುಂದರಿಯ ಅಹವಾಲು

ಠಾಕುರ್ಲಿ ಪೂರ್ವ, ಠಾಣೆ ಜಿಲ್ಲೆ,
ಡಿಸೆಂಬರ್ ೨೦೧೩

ತುಕ್ಕುಕುಲತಿಲಕರೂ, ಸೋರಿಕೆಯಲ್ಲಿ ಸಮರ್ಥರೂ, ಸದ್ಯ ಕಲ್ಯಾಣದ ಯಾವುದೋ ಗುಜರಿ ಅಂಗಡಿಯಲ್ಲಿ ವಿಶ್ರಾಂತಿ ಪಡೆಯುತ್ತಿರುವವರೂ ಆದ, ನಮ್ಮ ಹಳೆಯ ಪಿಕಪ್ ಗಾಡಿಯ ಡೀಸೆಲ್ ಹಾಕುವ ಪೈಪು ಅವರ ಸನ್ನಿಧಿಗೆ,

ಮಾನ್ಯರೇ,

ತಮ್ಮ ಪಾದಗಳಿಗೆ, ಪಾದಗಳು ಇಲ್ಲವಾದ್ದರಿಂದ ತಮ್ಮ ಬಾಗಿದ ಕತ್ತಿಗೆ, ಸಾಷ್ಟಾಂಗ ನಮಸ್ಕರಿಸಿ, ಶೇಖರ ಕೇಟರರ್ಸ್‌ನ ಅಡುಗೆಮನೆಯ ಒಡತಿಯೂ ಆ ಶೇಖರರ ಧರ್ಮಪತ್ನಿಯೂ ಆದ ಸುಂದರಿ ಮಾಡುವ ಬಿನ್ನಹವೇನೆಂದರೆ, ತಾವು ನಮ್ಮನ್ನು ಬಿಟ್ಟುಹೋದ ಮೇಲೆ ನನ್ನ ಮಾನ ಹೋಗಿದೆ. ತಾವು ಇದ್ದಾಗಲೂ ಹೋಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಆಗ ಹನಿ ಹನಿಯಾಗಿ ಹೋಗುತ್ತಿದ್ದುದು ಈಗ ಒಮ್ಮೆಲೇ ಹೋಗಿದೆ.

ಪಂಪಿನಲ್ಲಿ ಹಾಕಿದ ಡೀಸೆಲನ್ನು ಟ್ಯಾಂಕಿಗೆ ಮುಟ್ಟಿಸುವುದಷ್ಟೇ ಪೈಪಿನ ಕೆಲಸವೆಂದು ಸಣ್ಣ ಮನಸ್ಸಿನವರು ತಿಳಿದಿರಬಹುದು. ತಾವಾದರೋ ದಾನಶೂರರು. ಅರ್ಧ ಟ್ಯಾಂಕು ದಾಟಿತೆಂದರೆ ಉಳಿದದ್ದನ್ನು ಹಿಂದಿನ ಚಕ್ರಕ್ಕೆ, ರಸ್ತೆಗೆ, ಹಿಂದೆ ಬರುವ ರಿಕ್ಷಾದವನ ಪ್ಯಾಂಟಿಗೆ, ಜಾತಿಮತ ನೋಡದೆ ಹಂಚಿದವರು. ಡೊಂಬಿವಲಿಯ ಪಂಪಿನವರು ನಮ್ಮ ಗಾಡಿ ತಿರುವಿನಲ್ಲಿ ಕಂಡ ಕೂಡಲೇ "ಶೇಟ್, ಟಾಕಿ ಗಳತೇಯ್" ಎಂದು ಕೂಗುತ್ತಿದ್ದರು. ಟ್ಯಾಂಕು ಸೋರುತ್ತಿದೆ ಎಂಬ ಆ ಮರಾಠಿ ಮಾತನ್ನು ನಮ್ಮ ಯಜಮಾನರು ಸುಪ್ರಭಾತ ಕೇಳಿದಷ್ಟು ಭಕ್ತಿಯಿಂದ ಕೇಳಿ, ಅರ್ಧ ಟ್ಯಾಂಕು ಹಾಕಿಸಿಕೊಂಡು ನಗುನಗುತ್ತಾ ಮನೆಗೆ ಬರುತ್ತಿದ್ದರು. ವಾಸನೆ ಬರುತ್ತದೆ, ಈ ಪೈಪು ಬದಲಾಯಿಸಿ ಎಂದು ನಾನು ಹೇಳಿದಾಗಲೆಲ್ಲ, "ಎಂತ ವಾಸನೆ ಮಾರಾಯ್ತಿ, ಗಾಡಿ ಅಂದ ಮೇಲೆ ಗಾಡಿದು ವಾಸನೆ ಬರ್ತದೆ, ಮಲ್ಲಿಗೆದು ಬರ್ಲಿಕ್ಕುಂಟಾ" ಎಂದು ತಮ್ಮ ಪಕ್ಷ ವಹಿಸುತ್ತಿದ್ದರು. ಹದಿನೈದು ವರ್ಷ ಸಂಸಾರ ಮಾಡಿದ ಹೆಂಡತಿಯ ಪರವಾಗಿ ಅವರು ಒಮ್ಮೆಯಾದರೂ ಅಷ್ಟು ಚೆಂದ ಮಾತಾಡಿದ್ದನ್ನು ನಾನು ಕೇಳಿಲ್ಲ.

ಆದರೂ ನಾನು ಸಹಿಸಿಕೊಂಡಿದ್ದೆ. ಮಹಾಪೆಯ ಕಂಪನಿಗಳ ಬ್ರಹ್ಮಚಾರಿಗಳಿಗೆ ಮಧ್ಯಾಹ್ನದ ಡಬ್ಬಾ ಕೊಡುವುದೇ ನಮ್ಮ ಕಸುಬು. ಕಂಪ್ಯೂಟರ್ ನೋಡುತ್ತಾ ಉಂಡು, ಬಾಯಿಗೆ ಹೋದದ್ದು ಹುಳಿಯೋ ಮಜ್ಜಿಗೆಯೋ ಎಂದೇ ತಿಳಿಯದವರಿಗೆ ತಮ್ಮ ವಾಸನೆ ತಿಳಿಯುವ ಪ್ರಶ್ನೆಯೇ ಇರಲಿಲ್ಲ. ಸಂಕಟ ಶುರುವಾದದ್ದು ವಾಶಿಯಲ್ಲಿ. ಅಲ್ಲಿ ಮೈಸೂರಿನ ಕಡೆಯ ಸತ್ಯನಾರಾಯಣ ಎಂಬ ಹಿರಿಯರು ತಮ್ಮ ಮಗಳು ಪ್ರಕೃತಿಯ ಮದುವೆಯ ಊಟಕ್ಕೆ ಜನ ಹುಡುಕುತ್ತಿದ್ದರು. ನಮ್ಮ ಡಬ್ಬಾ ಉಣ್ಣುವವನೊಬ್ಬ ನಮ್ಮ ಹೆಸರು ಹೇಳಿದ. ಆ ಒಂದು ಮದುವೆ ಗೆದ್ದರೆ ವಾಶಿ, ನೆರೂಳದ ಮೈಸೂರು ಕಡೆಯವರ ಮನೆಗಳ ಬಾಗಿಲೆಲ್ಲ ನನಗೆ ತೆರೆಯುತ್ತಿತ್ತು. ಸೋತರೆ ಸಾಯುವತನಕ ಡಬ್ಬಾ. ಡಬ್ಬಾ ಸುಂದರಿ ಎಂದು ಕರೆಸಿಕೊಂಡು ನನಗೆ ಸಾಕಾಗಿತ್ತು.

ರುಚಿ ನೋಡಲು ಊಟ ತನ್ನಿರೆಂದರು, ಒಯ್ದೆವು. ಸಾರಿನ ಪಾತ್ರೆ ದಾರಿಯಲ್ಲಿ ಉರುಳಬಾರದೆಂದು ನಮ್ಮವರು ಅದನ್ನು ಗಾಡಿಯ ಹಿಂದೆ, ತಾವಿದ್ದ ಮೂಲೆಗೇ ಭದ್ರವಾಗಿ ಕಟ್ಟಿದ್ದರು. ಠಾಕುರ್ಲಿಯಿಂದ ವಾಶಿಯವರೆಗೆ, ಟ್ರಾಫಿಕ್ಕಿನಲ್ಲಿ ನಿಂತು ನಿಂತು, ತಾವೂ ಸಾರೂ ಏನೇನು ಮಾತಾಡಿಕೊಂಡಿರೋ ನಾನು ಕಾಣೆ. ಅಲ್ಲಿ ಮುಚ್ಚಳ ತೆಗೆದರೆ, ಕೊತ್ತಂಬರಿಯ ಹಿಂದೆ, ಇಂಗಿನ ಪಕ್ಕದಲ್ಲಿ, ಕಾಲ ಮೇಲೆ ಕಾಲು ಹಾಕಿ ತಾವು ಕೂತಿದ್ದಿರಿ. ಸತ್ಯನಾರಾಯಣರು ಲೋಟವನ್ನು ಮೂಗಿನ ಹತ್ತಿರ ತಂದರು, ಕಣ್ಣು ಮುಚ್ಚಿದರು, ಒಂದು ಗುಟುಕು ಕುಡಿದರು, ಲೋಟ ಕೆಳಗಿಟ್ಟು ಎದ್ದುಹೋಗಿ ಬಾಲ್ಕನಿಯಲ್ಲಿ ನಿಂತುಬಿಟ್ಟರು. ಅವರ ಪತ್ನಿ ಅಲಮೇಲು ಅಮ್ಮನವರು ಅವರನ್ನೊಮ್ಮೆ ನನ್ನನ್ನೊಮ್ಮೆ ನೋಡಿ, "ಆಯ್ತಮ್ಮ, ಆರ್ಡರ್ ನಿಮಗೇ ಕೊಡ್ತೀವಿ. ಆದ್ರೆ ಮದುವೆ ದಿನ ಸಾರು ಮಾತ್ರ ಮೊದಲು ಇವರಿಗೇ ಬಡಿಸ್ಬೇಕು" ಎಂದರು. ಪರೀಕ್ಷೆಯಲ್ಲಿ ಫೇಲಾದವಳಿಗೆ ದಯೆಯಿಂದ ಇನ್ನೊಂದು ಅವಕಾಶ ಕೊಟ್ಟಿದ್ದಾರೆಂದು ನಾನು ತಿಳಿದೆ. ಮನೆ ಮುಟ್ಟುವತನಕ ನಮ್ಮವರನ್ನೂ ತಮ್ಮನ್ನೂ ಸೇರಿಸಿ ಬೈದೆ.

ಇನ್ನು ಪೈಪು ಬದಲಾಯಿಸದೆ ವಿಧಿಯಿಲ್ಲ ಎಂದು ನಮ್ಮವರಿಗೆ ಅರ್ಥವಾಯಿತು. ಆದರೆ ತಮ್ಮ ಮೇಲಿನ ಮಮತೆ ಬಿಡಬೇಕಲ್ಲ. ತೊಳೆದು ಬೆಳಗಿದರೆ ಸರಿಹೋದೀತು ಎಂದು, ಆಯುಧಪೂಜೆಯ ಬೆಳಿಗ್ಗೆ, ದೇವರ ದೀಪ ತಿಕ್ಕಲೆಂದು ನಾನು ನೆನೆಹಾಕಿದ್ದ ಹುಣಸೆಹುಳಿಯನ್ನು ಕದ್ದೊಯ್ದು, ಉಪ್ಪು ಸೇರಿಸಿ, ತೆಂಗಿನ ನಾರಿನಿಂದ ತಮ್ಮ ಮೈಯನ್ನು ತಿಕ್ಕಿದರು. ಹುಟ್ಟಿದಾರಭ್ಯ ಒಂದು ಚಮಚ ತೊಳೆಯದ ಮನುಷ್ಯ, ಹಿತ್ತಾಳೆಯ ದೀಪ ಹೊಳೆಯುವಂತೆ ತಾವೂ ಹೊಳೆಯುತ್ತೀರೆಂದು ನಂಬಿದ್ದರು. ತಾವು ಹೊಳೆಯುವುದರ ಬದಲು ಉದುರಿದಿರಿ. ಅರ್ಧ ಮೈ ಪುಡಿಯಾಗಿ ಅವರ ಅಂಗೈಗೆ ಬಂತು. ಚಕ್ರದ ಮುಂದೆ ಬೂದುಗುಂಬಳ ಒಡೆಯುವ ಮೊದಲೇ ಪೈಪು ಒಡೆದ ಆಯುಧಪೂಜೆ ಇಡೀ ಠಾಣೆ ಜಿಲ್ಲೆಯಲ್ಲಿ ನಮ್ಮದೊಂದೇ ಇರಬೇಕು. ವಿಜಾಪುರದ ಕಡೆಯ ಮೆಕ್ಯಾನಿಕ್ ಯಂಕಣ್ಣ ಬಂದು ಬಗ್ಗಿ ನೋಡಿ, "ಅಕ್ಕಾರ, ಪೈಪಿಗೆ ತುಕ್ಕ ಹಿಡದಿದ್ದಿಲ್ರಿ, ತುಕ್ಕ ಪೈಪ್ ಹಿಡಕೊಂಡ ನಿಂತಿತ್ತರಿ" ಎಂದು ತೀರ್ಪು ಕೊಟ್ಟ.

ತಮ್ಮ ಉತ್ತರಾಧಿಕಾರಿಯ ನೇಮಕ ಅಷ್ಟು ಸುಲಭವಾಗಲಿಲ್ಲ ಎಂಬುದನ್ನು ಹೇಳಿ ತಮ್ಮ ಅಹಂಕಾರಕ್ಕೆ ಇನ್ನಷ್ಟು ತುಪ್ಪ ಸುರಿಯುತ್ತೇನೆ. ಆ ಮಾಡೆಲ್ಲೇ ಈಗ ನಿಂತುಹೋಗಿದೆಯಂತೆ. "ನಾಳಿಗೆ ಅಂದ್ರ ನಾಳಿಗೇರಿ" ಎಂದು ದಿನವೂ ಎದೆ ತಟ್ಟಿಕೊಳ್ಳುತ್ತಿದ್ದ ಯಂಕಣ್ಣ ಮೊದಲು ತಂದದ್ದು ಯಾವುದೋ ಪೆಟ್ರೋಲ್ ಕಾರಿನದು. ಅದರ ಬಾಯಿ ಎಷ್ಟು ಕಿರಿದೆಂದರೆ ಪಂಪಿನ ಡೀಸೆಲ್ ನಳಿಗೆಯೇ ಒಳಗೆ ಹೋಗಲಿಲ್ಲ. ಎರಡನೆಯದು ತಿರುವುಮುರುವಾಗಿ ಬಾಗಿ ನೆಲವನ್ನು ನೋಡುತ್ತಿತ್ತು, ಅದಕ್ಕೆ ಡೀಸೆಲ್ ಹಾಕಬೇಕಾದರೆ ಗಾಡಿಯನ್ನೇ ಮಗುಚಿ ಹಾಕಬೇಕಿತ್ತು. ಅಲ್ಲಿಯವರೆಗೆ ನಮ್ಮವರು ನನ್ನ ತೆಂಗಿನೆಣ್ಣೆಯ ಲಾಳಿಕೆಯನ್ನು ಒಂದು ತುಂಡು ರಬ್ಬರ್ ಪೈಪಿಗೆ ಸಿಕ್ಕಿಸಿ, ಮಗುವಿಗೆ ಗ್ರೈಪ್ ವಾಟರ್ ಕುಡಿಸುವ ಹಾಗೆ ಗಾಡಿಗೆ ಡೀಸೆಲ್ ಕುಡಿಸಿದರು. ಮದುವೆಗೆ ವಾರವಿದೆ ಎನ್ನುವಾಗ ಮೂರನೆಯದು ಸಿಕ್ಕಿ, ಹೊಸ ಕ್ಲಿಪ್ಪು ಬಿಗಿದು, ಟ್ಯಾಂಕು ಭರ್ತಿ ಮಾಡಿದರೂ ಒಂದು ಹನಿ ಬೀಳಲಿಲ್ಲ. ನಾನು ಗಾಡಿಯನ್ನು ಮೂಸುತ್ತಾ ಮೂರು ಸುತ್ತು ಬಂದದ್ದನ್ನು ನೋಡಿ ಕೆಳಗಿನ ಮನೆಯ ಚಂಪಾ, "ಎಂತ ಸುಂದರಕ್ಕ, ನಿಮ್ಮ ಪೂಜೆ ಇನ್ನೂ ಮುಗೀಲಿಲ್ವಾ" ಎಂದು ಕೇಳಿದಳು. ನಾನು ಖುಷಿಯಲ್ಲಿ ಅವಳಿಗೂ ಮೂಸಲು ಹೇಳಿದೆ.

ಮದುವೆಯ ದಿನದ ಸಾರಿನ ಬಗ್ಗೆ ನಾನೇ ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ. ಅಂಥ ಸಾರು ನಾನು ಹಿಂದೆ ಮಾಡಿರಲಿಲ್ಲ. ಗಂಡಿನ ಕಡೆಯವರು ಅನ್ನ ಬಿಟ್ಟು ಸಾರನ್ನೇ ಕೈಯೊಡ್ಡಿ ಹಾಕಿಸಿಕೊಂಡು ಕುಡಿದರು. ಧಾರೆ ಮುಗಿಸಿ ಬಂದ ಸತ್ಯನಾರಾಯಣರಿಗೆ, ಮಾತು ಕೊಟ್ಟಂತೆ, ಬೇರೆ ತೆಗೆದಿಟ್ಟ ಮೊದಲ ಲೋಟವನ್ನು ನಾನೇ ಒಯ್ದು ಕೊಟ್ಟೆ. ಮೂಸಿದರು. ಕುಡಿದರು. ಮತ್ತೆ ಮೂಸಿದರು. "ಚೆನ್ನಾಗಿದೆಯಮ್ಮ, ತುಂಬಾ ಚೆನ್ನಾಗಿದೆ. ಆದ್ರೆ ಅವತ್ತಿನ ಸಾರಲ್ಲ ಇದು" ಎಂದರು. ಅವರ ಮುಖ ಚಿಕ್ಕದಾಗಿತ್ತು. ಅಲಮೇಲು ಅಮ್ಮ ನನ್ನನ್ನು ಪಕ್ಕಕ್ಕೆ ಕರೆದು ಸಮಾಧಾನ ಹೇಳಿದರು. ಮದುವೆಯಾದ ಹೊಸತರಲ್ಲಿ ಅವರು ಡೊಂಬಿವಲಿಯ ಒಂದೇ ಕೋಣೆಯಲ್ಲಿದ್ದರಂತೆ, ಗ್ಯಾಸಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾದರಂತೆ, ಅಷ್ಟು ಕಾಲ ಬತ್ತಿ ಸ್ಟೌವಿನಲ್ಲೇ ಅಡುಗೆ. ಏನು ಮಾಡಿದರೂ ಸೀಮೆಎಣ್ಣೆಯ ವಾಸನೆ. "ಆ ಕಾಲದ ಸಾರು ಮತ್ತೆ ಸಿಗ್ತು ಕಣೇ ಅಂತ ಅವತ್ತು ಬಾಲ್ಕನಿಯಲ್ಲಿ ಕಣ್ಣೀರು ಹಾಕಿದ್ರಮ್ಮ. ನಾಲ್ಕು ಜನ ಅಡುಗೆಯವ್ರನ್ನ ಬಿಟ್ಟು ನಿಮಗೆ ಕೊಟ್ಟಿದ್ದೇ ಅದಕ್ಕೆ."

ಮಾನ್ಯರೇ, ನನಗೆ ಹೊಟ್ಟೆ ಉರಿಯಿತು. ಮುಚ್ಚುಮರೆ ಯಾಕೆ, ಈಗಲೂ ಉರಿಯುತ್ತಿದೆ. ಹುರಿದು, ಅರೆದು, ಒಗ್ಗರಣೆಯ ಹೊಗೆ ಕುಡಿದು ಕೆಮ್ಮಿದವಳು ನಾನು. ಆರ್ಡರ್ ಸಿಕ್ಕಿದ್ದು ತಮಗೆ. ಸಾಲದ್ದಕ್ಕೆ ಬರುವ ಮಾಘದಲ್ಲಿ ಸತ್ಯನಾರಾಯಣರ ಅರವತ್ತರ ಶಾಂತಿಯಂತೆ, ಊಟ ನಮ್ಮದೇ ಅಂತೆ, ಆದರೆ ಸಾರು ಮಾತ್ರ "ಅವತ್ತಿನದೇ" ಆಗಬೇಕಂತೆ. ಆದ್ದರಿಂದ ಮಾನ ಬಿಟ್ಟು ಬೇಡುತ್ತಿದ್ದೇನೆ: ಕರಗಿ ಬೇರೇನಾದರೂ ಆಗಿಹೋಗುವ ಮೊದಲು, ಒಂದು ದಿನದ ಮಟ್ಟಿಗೆ ಡೆಪ್ಯುಟೇಶನ್ ಮೇಲೆ ಬನ್ನಿ. ಬರಲಾಗದಿದ್ದರೆ ತಮ್ಮ ಸೋರಿಕೆಯನ್ನಾದರೂ ಕೊರಿಯರ್ ಮಾಡಿ. ಅದೂ ಆಗದಿದ್ದರೆ ತಮ್ಮ ಪುಡಿಯ ಪ್ರಮಾಣವನ್ನು, ಚಮಚದ ಲೆಕ್ಕದಲ್ಲಿ, ಯಂಕಣ್ಣನ ಕನಸಿನಲ್ಲಿ ಬಂದು ತಿಳಿಸಿ. ಬಂದರೆ ಹಾರ ಹಾಕಿ ಕರೆದುಕೊಳ್ಳುತ್ತೇನೆ, ಸಾರಿನ ಪಾತ್ರೆಯ ಪಕ್ಕದ ಮೂಲೆ ತಮ್ಮದೇ.

ಉತ್ತರದ ನಿರೀಕ್ಷೆಯಲ್ಲಿ, ಮೂಗು ಮುಚ್ಚಿಕೊಂಡೇ,

ತಮ್ಮ ವಿಶ್ವಾಸಿ,
ಸುಂದರಿ

ತಾ.ಕ.: ತಮ್ಮ ವಿಳಾಸ ಹುಡುಕುವಷ್ಟರಲ್ಲಿ ಶಾಂತಿಯ ದಿನ ಬಂದು ಹೋಯಿತು. ಕಲ್ಯಾಣದ ಹಳೇ ಬಜಾರಿನಲ್ಲಿ ನನಗೊಂದು ಬತ್ತಿ ಸ್ಟೌ ಸಿಕ್ಕಿತು. ಅದನ್ನು ಅಲಮೇಲು ಅಮ್ಮನವರ ಮುಂದಿಟ್ಟು, ಆ ಸಾರು ನನ್ನದಲ್ಲ, ನಿಮ್ಮದು, ನೀವೇ ಮಾಡಿ ಎಂದೆ. ಸೆರಗು ಸಿಕ್ಕಿಸಿ ಮಾಡಿದರು. ಸತ್ಯನಾರಾಯಣರು ಕಣ್ಣು ಒರೆಸಿಕೊಳ್ಳುತ್ತಾ ಮೂರು ಲೋಟ ಕುಡಿದರು. ಆಮೇಲೆ ಅಲಮೇಲು ಅಮ್ಮ ಒಳಗೆ ಬಂದು, ನನ್ನ ಪಕ್ಕದಲ್ಲಿ ಎಲೆ ಹಾಕಿಕೊಂಡು ಕೂತು, ಮೆಲ್ಲಗೆ ಹೇಳಿದರು: "ನಂಗೆ ನಿಮ್ಮ ಸಾರೇ ಹಾಕಿಯಮ್ಮ. ಆ ಸೀಮೆಎಣ್ಣೆ ವಾಸನೆ ನಂಗೆ ಆಗ್ಲೂ ಆಗ್ತಿರ್ಲಿಲ್ಲ. ಮೂವತ್ತು ವರ್ಷದಿಂದ ಅವ್ರಿಗೆ ಹೇಳಿಲ್ಲ, ಅಷ್ಟೆ." ಎರಡು ಸೌಟು ಹಾಕಿದೆ. ತಾವು ಬರುವುದು ಬೇಡ.