ಗಿರಾಕಿ ಬೇಡದ ವೆಬ್‌ಸೈಟು

ಗಿರಾಕಿಗಳು ಬರಬಾರದು ಎಂದು ವೆಬ್‌ಸೈಟ್ ಇಟ್ಟುಕೊಂಡ ವ್ಯಾಪಾರಿ ಈ ಭೂಮಂಡಲದಲ್ಲಿ ಒಬ್ಬನೇ ಇದ್ದರೆ ಅದು ನನ್ನ ಸೋದರಮಾವ! ಸಣ್ಣಪುಟ್ಟ ಅಂಗಡಿಗಳ ವೆಬ್‌ಸೈಟುಗಳನ್ನು ಸರ್ಚಿನ ಮೊದಲ ಪುಟಕ್ಕೆ ಹತ್ತಿಸುವುದು ನನ್ನ ಹೊಟ್ಟೆಪಾಡು. ಸಹಕಾರನಗರದ ಬ್ಯೂಟಿ ಪಾರ್ಲರು, ಹೆಬ್ಬಾಳದ ನಾಯಿ ಡಾಕ್ಟರು, ಎಲ್ಲರನ್ನೂ ಹತ್ತಿಸಿದ್ದೇನೆ. ಮಾವನ ಮುಂದೆ ಮಾತ್ರ ನನ್ನ ವಿದ್ಯೆಯೆಲ್ಲ ಕೈಕೊಟ್ಟಿತು.

ಮಾವನದು ಕುಕ್ಕರ್ ರಿಪೇರಿ. ಯಶವಂತಪುರದ ಒಂದೇ ಅಂಗಡಿಯಲ್ಲಿ ಅರ್ಧ ಆಯುಷ್ಯ ಕೂತವರು. ಚೀಟಿ ಕೊಡುವುದಿಲ್ಲ, ಫೋನ್ ನಂಬರ್ ಬರೆದುಕೊಳ್ಳುವುದಿಲ್ಲ. ಮುಖ ನೋಡಿದರೆ ಕುಕ್ಕರ್ ನೆನಪಾಗುತ್ತದಂತೆ! ಆ ಮನೆಯಿಂದ ಬೇರೆ ಯಾರಾದರೂ ಬಂದರೆ ಮುಚ್ಚಳದ ಮೇಲೆ ಕೆತ್ತಿಸಿದ ಹೆಸರಿದೆಯಲ್ಲ. ಹೆಸರು ಹಾಕಿಸದೆ ಪಾತ್ರೆ ಉಡುಗೊರೆ ಕೊಡುವವರು ನಮ್ಮಲ್ಲಿ ಉಂಟೇ? ಹೀಗಿರುವಾಗ ಓನರ್ ಕಟ್ಟಡ ಕೆಡವಲು ನಿಂತ. ಮಾವ ಅಂಗಡಿ ಎತ್ತಿಕೊಂಡು ದೂರದ ಅಟ್ಟೂರಿಗೆ ಬಂದರು. ಬರುವಾಗ ಹೊಸ ವಿಳಾಸವನ್ನು ಹಳೇ ಅಂಗಡಿಯ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದರು. ಮೂರೇ ದಿನಕ್ಕೆ ಗೋಡೆಯೇ ಲಾರಿ ಹತ್ತಿತು! ರಿಪೇರಿಯಾದ ಹನ್ನೊಂದು ಕುಕ್ಕರ್ ಮಾವನ ಬಳಿ ಉಳಿದವು, ಯಜಮಾನರ ಪತ್ತೆಯಿಲ್ಲ.

ಅಂದಿನಿಂದ ಅವರ ಗಂಟಲಲ್ಲಿ ಅನ್ನ ಇಳಿಯಲಿಲ್ಲ.

"ನಂಬ್ಕೊಂಡು ಕೊಟ್ಟು ಹೋಗಿದಾರೆ ಕಣೋ. ಅಂಗಡಿ ಇದ್ದ ಜಾಗದಲ್ಲಿ ಗುಂಡಿ ನೋಡಿ, ಕಳ್ಳ ಓಡೋದ ಅನ್ಕೊಳ್ಳಲ್ವಾ? ಅದೇನೋ ವೆಬ್‌ಸೈಟ್ ಮಾಡ್ತೀಯಲ್ಲ, ಈ ಹನ್ನೊಂದು ಜನಕ್ಕೆ ಮುಟ್ಟೋ ಹಂಗೆ ಒಂದು ಮಾಡು."

ಹನ್ನೊಂದು ಜನಕ್ಕೆ! ನನ್ನ ಬೇರೆ ಗಿರಾಕಿಗಳು ಲಕ್ಷ ಜನಕ್ಕಿಂತ ಕೆಳಗೆ ಮಾತೇ ಆಡುವುದಿಲ್ಲ. ಆದರೂ ನನ್ನ ಬುದ್ಧಿ ಬಿಡಲಿಲ್ಲ. 'ಅಟ್ಟೂರಿನ ಬೆಸ್ಟ್ ಕುಕ್ಕರ್ ರಿಪೇರಿ' ಎಂದು ತಲೆಬರಹ ಕೊಟ್ಟೆ.

"ಬೆಸ್ಟ್ ಅಂತ ಯಾರಂದ್ರು?" ಮಾವ ಕೇಳಿದರು.

"ಯಾರೂ ಅನ್ನಲ್ಲ ಮಾವ, ನಾವೇ ಹಾಕ್ಕೋಬೇಕು. ಜನ ಹುಡುಕೋ ಪದ ಅದು."

"ಈ ಬೀದೀಲಿ ಇರೋನು ನಾನೊಬ್ನೇ. ಬೆಸ್ಟೂ ನಾನೇ, ವರ್ಸ್ಟೂ ನಾನೇ. ತೆಗಿ ಅದನ್ನ!"

ಅದರ ಬದಲು ಒಂದೊಂದೇ ಮುಚ್ಚಳ ಎತ್ತಿ, ಓದಿ, ಒಬ್ಬೊಬ್ಬರಿಗೂ ಒಂದೊಂದು ಪುಟ ಬರೆಸಿದರು. 'ಚಿ. ಸೌ. ವಿಶಾಲಾಕ್ಷಿಗೆ ದೊಡ್ಡಪ್ಪನ ಉಡುಗೊರೆ: ನಿಮ್ಮ ಕುಕ್ಕರ್ ರೆಡಿ ಇದೆ. ತಳ ಸೀದಿತ್ತು, ಉಜ್ಜಿದ್ದೇನೆ. ಇನ್ನು ಮುಂದೆ ಒಲೆ ಕಡೆ ಗಮನ ಇರಲಿ.' ವೆಬ್‌ಸೈಟಿನಲ್ಲಿ ಬೈಗುಳ!

ಹಳಬರು ಬರಲಿಲ್ಲ, ಹೊಸಬರ ಫೋನು ಶುರುವಾಯಿತು. ಚಿಕ್ಕಜಾಲದಿಂದ ಒಬ್ಬಾತ, "ಕುಕ್ಕರ್ರು ಕೂಗ್ತಾನೇ ಇಲ್ಲ ಕಣಣ್ಣ, ಇಂಗೇ ತಕಬತ್ತೀನಿ" ಎಂದ.

"ಬರ್ಬೇಡ! ತೂತಲ್ಲಿ ಬೇಳೆ ಸಿಕ್ಕೊಂಡಿರತ್ತೆ. ತಣ್ಣಗಾದ್ಮೇಲೆ ಸೂಜೀಲಿ ತೆಗಿ" ಎಂದು ಮಾವ ಫೋನಿಟ್ಟರು. ಇದನ್ನೇ ಹೇಳಿ ಹೇಳಿ ಬೇಸತ್ತು, 'ನೀವು ಬರುವ ಅಗತ್ಯವಿಲ್ಲ' ಎಂಬ ಪುಟವನ್ನೇ ಬರೆಸಿದರು. ಕುಕ್ಕರಿನ ಯಾವ ಕಾಯಿಲೆಗೆ ಮನೆಯಲ್ಲೇ ಏನು ಮದ್ದು ಎಂಬ ಪೂರ್ತಿ ಪಟ್ಟಿ. ಏನಾಯಿತು ಗೊತ್ತೇ? ಆ ಪುಟ ಸರ್ಚಿನಲ್ಲಿ ಎಲ್ಲರನ್ನೂ ತುಳಿದು ಮೊದಲನೆಯದಾಗಿ ಕೂತುಬಿಟ್ಟಿತು! ನಾನು ತಲೆ ಚಚ್ಚಿಕೊಂಡು ಮಾಡುವ ಕೆಲಸವನ್ನು ಈ ಮನುಷ್ಯ ಜನರನ್ನು ಓಡಿಸಿ ಸಾಧಿಸಿದ್ದರು. ಆ ವಾರ ನಾನು ಯಾರಿಗೂ ನನ್ನ ಕಾರ್ಡ್ ಕೊಡಲಿಲ್ಲ.

ಅದರ ಪುಣ್ಯದಿಂದ ಸೈಟು ಬಾಯಿಂದ ಬಾಯಿಗೆ ಹರಡಿ, ಹಳಬರೂ ಒಬ್ಬೊಬ್ಬರಾಗಿ ಬಂದರು. ವಿಶಾಲಾಕ್ಷಿ ಬಂದವರೇ, "ಸೀಯಿಸಿದ್ದು ನಾನಲ್ಲ ಕಣ್ರೀ, ನಮ್ಮೆಜಮಾನ್ರು" ಎಂದು ಜಗಳಕ್ಕೇ ನಿಂತರು. ಕುಕ್ಕರ್ ಅಂಗಡಿ ದಾಟಿದ ಕೂಡಲೇ ನನಗೆ ಮಾವನ ಫೋನು: "ಅವರ ಪುಟ ತೆಗಿ. ಇಲ್ಲದ್ದನ್ನ ಇದೆ ಅನ್ಬಾರ್ದು." ಕೊನೆಗೆ ಒಂದೇ ಒಂದು ಉಳಿಯಿತು. ಮಾವ ಪ್ರತಿ ಭಾನುವಾರ ಅದನ್ನು ಒರೆಸಿಡುತ್ತಿದ್ದರು.

ಕೆಲವು ತಿಂಗಳ ಹಿಂದೆ ಆರ್.ಟಿ. ನಗರದಿಂದ ಒಬ್ಬ ಹೆಂಗಸು ಬಂದರು. ನಾನೂ ಅಂಗಡಿಯಲ್ಲಿದ್ದೆ.

"ಅಮ್ಮಿ ಹೋಗಿ ಎಂಟು ತಿಂಗ್ಳಾಯ್ತು. ನೆನಪಾಯ್ತು, ಸುಮ್ನೆ ಅವರ ಹೆಸ್ರು ಟೈಪ್ ಮಾಡ್ದೆ. ಅಮ್ಮಿ ಫೋನೇ ಮುಟ್ಟಿದೋರಲ್ಲ, ಏನೂ ಬರಲ್ಲ ಅಂತ ಗೊತ್ತಿತ್ತು. ಯಾರ್ಯಾರೋ ಜಮೀಲಾ ಬೀ ಬಂದ್ರು. ಆಮೇಲೆ ನಮ್ಮಮ್ಮಿ ಬಂದ್ರು" ಎಂದು ಫೋನ್ ತೋರಿಸಿದರು. 'ಜಮೀಲಾ ಬೀ, ಮತ್ತೀಕೆರೆ: ನಿಮ್ಮ ಕುಕ್ಕರ್ ರೆಡಿ ಇದೆ. ಹ್ಯಾಂಡಲ್ ಬದಲಾಯಿಸಿದೆ.'

ಮಾವ ಕುಕ್ಕರನ್ನು ಮತ್ತೊಮ್ಮೆ ಒರೆಸಿ ಎರಡೂ ಕೈಯಲ್ಲಿ ಕೊಟ್ಟರು. ಆಕೆ ಹ್ಯಾಂಡಲ್ ಹಿಡಿದು ನೋಡಿದರು. "ಅಮ್ಮಿ ಇದಕ್ಕೆ ಬಟ್ಟೆ ಸುತ್ಕೊಂಡು ಹಿಡೀತಿದ್ರು" ಎಂದವರು ಮುಂದೆ ಮಾತಾಡಲಾಗದೆ ಅತ್ತರು. ನನಗೂ ತಡೆಯಲಾಗಲಿಲ್ಲ. ಹೊರಡುವಾಗ, "ಆ ಪುಟ ತೆಗೀಬೇಡಿ ಅಣ್ಣ. ಆಗಾಗ ನೋಡ್ತೀನಿ" ಎಂದರು.

ಮಾವ ನನ್ನ ಕಡೆ ತಿರುಗಿ, "ಇರ್ಲಿ ಬಿಡೋ" ಎಂದರು.

ಪುಟ ಹಾಗೇ ಇದೆ. ಯಾವ ಪುಟವನ್ನು ಎಷ್ಟು ಜನ ನೋಡಿದರೆಂದು ಲೆಕ್ಕ ಇಡುವುದು ನನ್ನ ಕೆಲಸವಲ್ಲವೇ? ಶುಕ್ರವಾರ ಶುಕ್ರವಾರ ಒಬ್ಬರು ಅದನ್ನು ತೆರೆಯುತ್ತಾರೆ. ಬಾಯಿ ತಡೆಯದೆ ಒಂದು ಸಲ ಮಾವನಿಗೆ ಹೇಳಿಬಿಟ್ಟೆ. ಈಗ ಪ್ರತಿ ಶುಕ್ರವಾರ ಸಂಜೆ ಅವರ ಫೋನು ಬರುತ್ತದೆ.

"ಬಂದಿದ್ರೇನೋ?"